ಒಂದೇ ಕಾರು, ಎರಡು ಹೆಸರು

ಕಾರು ತಗೋಬೇಕು ಅಂತ ಮನಸ್ಸಾದ ಕೂಡಲೇ ನಮ್ಮ ಜನ ಮೊದಲು ಮಾಡೋದೇನು? ಫೋನು. ಭಾವನಿಗೆ, ಆಫೀಸಿನ ಗೆಳೆಯನಿಗೆ, ಗೊತ್ತಿರೋ ಮೆಕ್ಯಾನಿಕ್‌ಗೆ. ನನಗೂ ಬರುತ್ತವೆ. ಟಿವಿಯಲ್ಲಿ ಕೂರುವವನಿಗೆ ಎಲ್ಲಾ ಗೊತ್ತು ಅನ್ನೋ ನಂಬಿಕೆ! "ಸರ್, ಹತ್ತು ವರ್ಷ ಕೈಕೊಡದ ಕಾರು ಯಾವುದು ಹೇಳಿ" ಅಂತಾರೆ. ಪಿಎಫ್ ದುಡ್ಡು ತೆಗೆದು, ಸಾಲ ಮಾಡಿ ಕೊಳ್ಳುವವರ ಪ್ರಶ್ನೆ ಅದು. ಹಗುರವಾಗಿ ಉತ್ತರ ಕೊಡೋ ಹಾಗಿಲ್ಲ. ಅವರಿಗೆ ನಾನು ಒಂದು ಕಾರ್ಖಾನೆಯ ಕಥೆ ಹೇಳುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಅಂತ ಒಂದು ಊರು. ಅಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಬಾಗಿಲು ಹಾಕಿತು. ಗೈರುಹಾಜರಿ, ಜಗಳ, ಕಳಪೆ ಕೆಲಸಕ್ಕೆ ಹೆಸರಾಗಿದ್ದ ಜಾಗ ಅದು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಅದೇ ಕಾರ್ಖಾನೆಯನ್ನು 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಕೆಲಸಕ್ಕೆ ಯಾರನ್ನು ತಗೊಂಡರು? ಬಹುಪಾಲು ಅದೇ ಹಳೇ ಕಾರ್ಮಿಕರನ್ನು! ನೂರಾರು ಜನರನ್ನು ಜಪಾನಿಗೆ ಕಳಿಸಿ ಕಲಿಸಿದರು. ತಪ್ಪು ಕಂಡರೆ ಹಗ್ಗ ಎಳೆದು ಇಡೀ ಲೈನ್ ನಿಲ್ಲಿಸುವ ಅಧಿಕಾರವನ್ನು ಕೂಲಿಯವನ ಕೈಗೇ ಕೊಟ್ಟರು. ಗುಣಮಟ್ಟ ಮೇಲೆದ್ದು ನಿಂತಿತು.

ಸ್ವಾರಸ್ಯ ಇರೋದು ಮುಂದೆ. ಅಲ್ಲಿ ತಯಾರಾದ ಕಾರಿಗೆ ಒಂದು ಕಡೆ 'ಟೊಯೋಟಾ ಕೊರೊಲಾ', ಇನ್ನೊಂದು ಕಡೆ ಜನರಲ್ ಮೋಟಾರ್ಸ್‌ನ 'ಜಿಯೊ ಪ್ರಿಜ್ಮ್' ಅಂತ ಹೆಸರು. ಹೊರಗಿನ ಅಲಂಕಾರ ಸ್ವಲ್ಪ ಬೇರೆ, ಒಳಗಿನ ಯಂತ್ರ ಒಂದೇ, ಕೈಗಳೂ ಅವೇ. ಆದರೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಪ್ರಿಜ್ಮ್‌ಗೆ ಬೆಲೆ ಕಡಿಮೆ. ಜನ ಕೊಂಡದ್ದು ಕಬ್ಬಿಣವನ್ನಲ್ಲ ಸ್ವಾಮೀ, ಹೆಸರನ್ನು.

ಹಾಗಾದರೆ ಸಮೀಕ್ಷೆ ನಂಬೋಣವೇ? ನಂಬಿ, ಆದರೆ ಅದು ಏನನ್ನು ಎಣಿಸಿದೆ ಅಂತ ಕೇಳಿ. 1936ರಲ್ಲಿ ಶುರುವಾದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ ಜಾಹೀರಾತು ತಗೊಳ್ಳೋದಿಲ್ಲ, ಪರೀಕ್ಷೆಗೆ ಕಾರನ್ನೂ ತಾನೇ ದುಡ್ಡು ಕೊಟ್ಟು ಕೊಳ್ಳುತ್ತೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಏನೇನು ಕೆಟ್ಟಿತು ಅಂತ ತನ್ನ ಸದಸ್ಯರನ್ನೇ ಕೇಳುತ್ತೆ. 1968ರಲ್ಲಿ ಹುಟ್ಟಿದ ಜೆ.ಡಿ. ಪವರ್ ಸಂಸ್ಥೆಯ ಪ್ರಸಿದ್ಧ ಸಮೀಕ್ಷೆ ಕೇಳೋದು ಮೊದಲ 90 ದಿನದ ಅನುಭವ. ನೂರು ಕಾರಿಗೆ ಎಷ್ಟು ದೂರು ಅನ್ನೋದು ಅದರ ಲೆಕ್ಕ. ಆ ಲೆಕ್ಕದಲ್ಲಿ ಬ್ಲೂಟೂತ್ ಕೂಡಿಕೊಳ್ಳದಿದ್ದರೂ ಒಂದು ದೂರು, ಗೇರ್‌ಬಾಕ್ಸ್ ಹೋದರೂ ಒಂದು ದೂರು. ಮೊದಲನೆಯದು ಕಿರಿಕಿರಿ, ಎರಡನೆಯದು ಮಗಳ ಕಾಲೇಜು ಫೀಸು. ಇನ್ನು ತೊಂಬತ್ತು ದಿನ ಅಂದರೆ ಮೂರು ತಿಂಗಳು. ನಮ್ಮವರು ಕೇಳೋದು ಹತ್ತು ವರ್ಷದ ಮಾತು!

ಸ್ಟಾರ್ ರೇಟಿಂಗ್ ಕಥೆ ಬೇರೆಯೇ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಐದು ಕಾರುಗಳ ಅಗ್ಗದ ಮಾದರಿಗಳನ್ನು ಗುದ್ದಿಸಿ ನೋಡಿತು, ಐದಕ್ಕೂ ಸೊನ್ನೆ ಸ್ಟಾರ್. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಆದರೆ ಆ ಸ್ಟಾರು ಹೇಳೋದು ಅಪಘಾತದಲ್ಲಿ ಜೀವ ಉಳಿಯುತ್ತಾ ಅನ್ನೋದನ್ನು. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗುತ್ತಾ ಅನ್ನೋದನ್ನಲ್ಲ. ಎರಡೂ ಬೇಕು, ಆದರೆ ಎರಡನ್ನೂ ಕಲಸಬಾರದು.

ನನ್ನ ಅನುಭವ ಕೇಳ್ತೀರಾ? ನನ್ನ ಮೊದಲ ಕಾರು ಮಳೆಗಾಲದ ಒಂದು ರಾತ್ರಿ ಘಾಟಿಯಲ್ಲಿ ನಿಂತುಬಿಟ್ಟಿತು. ಮಡದಿ, ಎರಡು ವರ್ಷದ ಮಗು ಒಳಗೆ. ಆ ಕಂಪನಿ ಹೆಸರು ಕೇಳಿದರೆ ಇವತ್ತಿಗೂ ಮೈ ಉರಿಯುತ್ತೆ. ಆದರೆ ಪ್ರಾಮಾಣಿಕವಾಗಿ ಹೇಳಲಾ? ಆರು ತಿಂಗಳಿಂದ ಸರ್ವೀಸ್ ಮಾಡಿಸದೆ ಓಡಿಸಿದ್ದವನು ನಾನೇ. ನನ್ನ ಸಿಟ್ಟು ಒಂದು ಕಾರಿನದ್ದು, ಒಂದು ರಾತ್ರಿಯದ್ದು. ಅದು ಸಾವಿರ ಕಾರಿನ ಲೆಕ್ಕ ಆಗೋದಿಲ್ಲ.

ಫ್ರೀಮಾಂಟ್ ದೂರ ಅನ್ನಿಸಿದರೆ ಇಲ್ಲೇ ನೋಡಿ. 2019ರಲ್ಲಿ ಮಾರುತಿಯ ಬಲೆನೋ ಕಾರು ಟೊಯೋಟಾ ಲಾಂಛನ ಹಾಕಿಕೊಂಡು 'ಗ್ಲಾನ್ಜಾ' ಆಯಿತು. ಎರಡರಲ್ಲಿ ಯಾವುದು ಗಟ್ಟಿ ಅಂತ ಮದುವೆಮನೆಯಲ್ಲಿ ವಾದ ಮಾಡೋರನ್ನು ನಾನೇ ಕಂಡಿದ್ದೇನೆ!

ಅದಕ್ಕೇ ಫೋನ್ ಮಾಡಿದವರಿಗೆ ನನ್ನ ಉತ್ತರ ಇಷ್ಟೇ. ಅದೇ ಮಾದರಿಯನ್ನು ಐದು ವರ್ಷ ಓಡಿಸಿದ ಹತ್ತು ಜನರನ್ನು ಹುಡುಕಿ. "ಚೆನ್ನಾಗಿದೆಯಾ" ಅಂತ ಕೇಳಬೇಡಿ. "ಏನೇನು ಬದಲಾಯಿಸಿದಿರಿ, ಎಷ್ಟು ಖರ್ಚಾಯಿತು" ಅಂತ ಕೇಳಿ. ಟಿವಿಯವನನ್ನು ಮಾತ್ರ ಕೇಳಬೇಡಿ.