ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಆರೋಗ್ಯ ವಿಮೆ: ಒಂದು ಚಾರಿತ್ರಿಕ ವಿವೇಚನೆ

ಆರೋಗ್ಯ ವಿಮೆಯ ಫಲವು ರೋಗಿಗೆ ದೊರೆಯಬೇಕಾದರೆ, ರೋಗವು ಬರುವುದಕ್ಕೆ ಮೊದಲೇ ಅವನ ಹೆಸರು ಯಾವುದಾದರೊಂದು ಪಟ್ಟಿಯಲ್ಲಿ ಸೇರಿರಬೇಕು. ಆ ಪಟ್ಟಿ ಕಾರ್ಖಾನೆಯ ಹಾಜರಿ ಪುಸ್ತಕವಾಗಿರಬಹುದು, ಸಹಕಾರ ಸಂಘದ ಸದಸ್ಯರ ವಹಿಯಾಗಿರಬಹುದು, ಇಲ್ಲವೆ ಪಡಿತರ ಚೀಟಿಯಾಗಿರಬಹುದು. ವಿಮೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪಟ್ಟಿಗಳ ಚರಿತ್ರೆಯೇ ಎಂಬುದು ನಮ್ಮ ಅಭಿಪ್ರಾಯ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1. ಕಾರ್ಖಾನೆಯ ಪಟ್ಟಿ

ಮೈಸೂರು ಸಂಸ್ಥಾನದಲ್ಲಿ ವಿಮೆಯ ಕಲ್ಪನೆ ಹೊಸದಲ್ಲ. 1891ರಲ್ಲಿಯೇ ಸರ್ಕಾರವು ತನ್ನ ನೌಕರರಿಗಾಗಿ ಜೀವ ವಿಮೆಯನ್ನು ಆರಂಭಿಸಿತ್ತು. ಆದರೆ ಅದು ಮರಣಕ್ಕೆ ಸಂಬಂಧಿಸಿದ್ದೇ ಹೊರತು ಚಿಕಿತ್ಸೆಗಲ್ಲ. ಕಾರ್ಮಿಕರ ಆರೋಗ್ಯ ವಿಮೆಗೆ ತಳಹದಿಯಾದುದು 1944ರ ಅಡಾರ್ಕರ್ ವರದಿ. ಅದರ ಫಲವಾಗಿ 1948ರಲ್ಲಿ ರಾಜ್ಯ ಕಾರ್ಮಿಕರ ವಿಮಾ ಕಾಯಿದೆ ಬಂದಿತು. ಯೋಜನೆಯು 1952ರ ಫೆಬ್ರವರಿ 24ರಂದು ಕಾನ್‌ಪುರ ಮತ್ತು ದೆಹಲಿಗಳಲ್ಲಿ ಪ್ರಾರಂಭವಾಗಿ, 1958ರಲ್ಲಿ ಬೆಂಗಳೂರಿಗೆ ವಿಸ್ತರಿಸಿತು.

ಈ ಯೋಜನೆಯ ವಿಶೇಷವೆಂದರೆ, ಚಿಕಿತ್ಸೆಯ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಪ್ರಾರಂಭವಾಗುತ್ತದೆ. ಪತ್ನಿ, ಮಕ್ಕಳು ಹಾಗೂ ಅವಲಂಬಿತ ತಂದೆತಾಯಿಗಳಿಗೂ ಅದು ಸಲ್ಲುತ್ತದೆ. 2019ರ ಜುಲೈ 1ರಿಂದ ವಂತಿಗೆಯು ಮಾಲೀಕನದು ವೇತನದ ಶೇಕಡ 3.25, ಕಾರ್ಮಿಕನದು ಶೇಕಡ 0.75 ಎಂದು ನಿಗದಿಯಾಯಿತು. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ, ಕಾಯಿಲೆಯ ಕಾಲದಲ್ಲಿ ವೇತನದ ಶೇಕಡ 70ರಷ್ಟು ಭತ್ಯವೂ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗಿನ ಅವಧಿ ಫಲ ಕೊಡುತ್ತದೆ. ಆದಕಾರಣ ಕೆಲಸ ಬಿಟ್ಟ ಕೂಡಲೇ ಹಕ್ಕು ಹೋಯಿತೆಂದು ಭಾವಿಸಿ ಚೀಟಿಯನ್ನು ಎಸೆಯುವುದು ಸರಿಯಲ್ಲ.

ಆದರೆ ಈ ಪಟ್ಟಿಗೆ ಎಲ್ಲೆಗಳಿವೆ. ಸಾಮಾನ್ಯವಾಗಿ 10 ಅಥವಾ ಹೆಚ್ಚು ಮಂದಿ ದುಡಿಯುವ ಸ್ಥಳಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ದೊಡ್ಡಬಳ್ಳಾಪುರದಲ್ಲಿ ಮನೆಯೊಳಗೇ ಎರಡೋ ನಾಲ್ಕೋ ವಿದ್ಯುತ್ ಮಗ್ಗಗಳನ್ನಿಟ್ಟು ರೇಷ್ಮೆ ನೇಯುವ ಕುಟುಂಬವು ದಿನವೆಲ್ಲ ದುಡಿದರೂ ಈ ಲೆಕ್ಕದಲ್ಲಿ ಕಾರ್ಖಾನೆಯಲ್ಲ.

2. ಸಹಕಾರ ಸಂಘದ ಪಟ್ಟಿ

ರೈತನಿಗೆ ಮಾಲೀಕನಿಲ್ಲ; ಹಾಜರಿ ಪುಸ್ತಕವೂ ಇಲ್ಲ. ಅವನ ಹೆಸರಿರುವುದು ಸಹಕಾರ ಸಂಘದಲ್ಲಿ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಮೊದಲ್ಗೊಂಡು ಕರ್ನಾಟಕದಲ್ಲಿ ಬೆಳೆದುಬಂದ ಈ ವ್ಯವಸ್ಥೆಯು, ಸುಮಾರು ಒಂದು ಶತಮಾನದ ತರುವಾಯ ಆರೋಗ್ಯ ವಿಮೆಗೆ ಆಧಾರವಾಯಿತು. ಹೃದಯ ಶಸ್ತ್ರವೈದ್ಯರಾದ ಡಾ. ದೇವಿ ಶೆಟ್ಟಿಯವರ ಸಲಹೆಯ ಮೇರೆಗೆ ಎಸ್. ಎಂ. ಕೃಷ್ಣ ಅವರ ಸರ್ಕಾರವು 2002ರ ನವೆಂಬರ್‌ನಲ್ಲಿ ಘೋಷಿಸಿದ ಯಶಸ್ವಿನಿ ಯೋಜನೆಯು 2003ರ ಜೂನ್ 1ರಿಂದ ಜಾರಿಗೆ ಬಂದಿತು.

ಸದಸ್ಯನ ವಂತಿಗೆ ವರ್ಷಕ್ಕೆ 60 ರೂಪಾಯಿ. ಇಷ್ಟು ಅಲ್ಪ ಹಣದಲ್ಲಿ ಯೋಜನೆ ನಡೆದುದು ಹೇಗೆ? ಸರ್ಕಾರದ ಸಹಾಯ ಒಂದು ಕಾರಣ. ವಿಮೆಯನ್ನು ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮಿತಗೊಳಿಸಿದುದು ಇನ್ನೊಂದು. ಶಸ್ತ್ರಚಿಕಿತ್ಸೆಯ ಅಗತ್ಯ ಬೀಳುವುದು ಕೆಲವರಿಗೆ. ಆದರೆ ಬಿದ್ದವರ ಮನೆ ಸಾಲದಲ್ಲಿ ಮುಳುಗುತ್ತದೆ. 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ಯೋಜನೆಯಲ್ಲಿದ್ದವು. ಹಾವು ಕಡಿತ, ಎತ್ತಿನ ತಿವಿತ, ವ್ಯವಸಾಯದ ಉಪಕರಣಗಳಿಂದಾಗುವ ಗಾಯ ಮುಂತಾದ ಹಳ್ಳಿಗಾಡಿನ ಅಪಾಯಗಳೂ ಸೇರಿದ್ದವು. ಜ್ವರಕ್ಕೆ ಹಣ ಸಿಗಲಿಲ್ಲವೆಂದು ಬೇಸರಗೊಂಡ ಸದಸ್ಯನು ಯೋಜನೆಯ ಈ ತಿರುಳನ್ನು ಅರಿತಿರಲಿಲ್ಲವೆಂದೇ ಹೇಳಬೇಕು.

ಮೊದಲ ವರ್ಷ ಸುಮಾರು 16 ಲಕ್ಷ, ಎರಡನೆಯ ವರ್ಷ ಸುಮಾರು 20 ಲಕ್ಷ ಮಂದಿ ಸೇರಿದರು. ವಂತಿಗೆ 120 ರೂಪಾಯಿಗೆ ಏರಿದಾಗ ಸಂಖ್ಯೆ ಸುಮಾರು 15 ಲಕ್ಷಕ್ಕೆ ಇಳಿಯಿತು. ಆರೋಗ್ಯವಂತನು ಮೊದಲು ಬಿಟ್ಟುಹೋಗುವುದು, ರೋಗಿಯು ಉಳಿಯುವುದು ಎಲ್ಲ ಐಚ್ಛಿಕ ವಿಮೆಗಳಿಗೂ ಅಂಟಿಕೊಂಡಿರುವ ಭಯ. 2018ರಲ್ಲಿ ನಿಂತುಹೋದ ಯಶಸ್ವಿನಿಯು 2023ರ ಜನವರಿ 1ರಿಂದ ಪುನಃ ಜಾರಿಗೆ ಬಂದಿತು. ಆಗ ಗ್ರಾಮಾಂತರದ ನಾಲ್ವರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷ ರೂಪಾಯಿಯ ಮಿತಿ ಗೊತ್ತಾದವು.

3. ಪಡಿತರ ಚೀಟಿಯ ಪಟ್ಟಿ

2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕವು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಇಲ್ಲಿ ವಂತಿಗೆಯಿಲ್ಲ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ಗೊತ್ತುಪಡಿಸಿದ ದರದ ಶೇಕಡ 30, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ತುರ್ತು ಸಂದರ್ಭಗಳನ್ನು ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅವಶ್ಯವೆಂಬುದು ಇದರ ಮುಖ್ಯ ನಿಬಂಧನೆ. ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರವಾಗಿ ಬೆಂಗಳೂರಿಗೆ ಧಾವಿಸುವ ರೋಗಿಯು ಹಕ್ಕಿದ್ದೂ ಹಣ ತೆರಬೇಕಾಗುವುದು ಈ ಒಂದು ಕಾಗದದ ಅಭಾವದಿಂದ.

4. ಪಟ್ಟಿಗಳ ನಡುವಣ ಸಂದು

1986ರಲ್ಲಿ ರಚಿತವಾಗಿ 2007ರಲ್ಲಿ ರಾಮನಗರವು ಬೇರ್ಪಟ್ಟ ಮೇಲೆ ನಾಲ್ಕು ತಾಲ್ಲೂಕುಗಳಷ್ಟೇ ಉಳಿದ ಈ ಜಿಲ್ಲೆಯಲ್ಲಿ ಬದಲಾವಣೆಯ ವೇಗ ಅಸಾಧಾರಣವಾದುದು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಬಾಶೆಟ್ಟಿಹಳ್ಳಿ, ದಾಬಸ್‌ಪೇಟೆ, ಪಿಳ್ಳಗುಂಪೆಗಳಲ್ಲಿ ಕೈಗಾರಿಕಾ ಪ್ರದೇಶಗಳೆದ್ದವು. ಜಮೀನು ಹೋದ ಮನೆಯೊಂದನ್ನು ಭಾವಿಸೋಣ. ಹಸುಗಳನ್ನು ಮಾರಿದ ತಂದೆಯು ಹಾಲಿನ ಡೇರಿಯ ಕಡೆಗೆ ಹೋಗುವುದಿಲ್ಲ. ಯಶಸ್ವಿನಿಯ ಆ ವರ್ಷದ ವಂತಿಗೆ ತಪ್ಪುತ್ತದೆ. ಮಗನು ಸಿದ್ಧ ಉಡುಪಿನ ಕಾರ್ಖಾನೆ ಸೇರಿದ್ದರೂ, ವಿಮಾ ದಾಖಲೆಯಲ್ಲಿ ತಂದೆತಾಯಿಯರ ಹೆಸರನ್ನು ಬರೆಯಿಸಿಲ್ಲ. ಅವನ ವೇತನವು 2017ರಲ್ಲಿ ಗೊತ್ತುಪಡಿಸಿದ 21,000 ರೂಪಾಯಿಯ ಮಿತಿಯನ್ನು ದಾಟಿದರೆ, ನಡೆಯುತ್ತಿರುವ ವಂತಿಗೆ ಅವಧಿ ಮುಗಿದೊಡನೆ ಅವನೂ ಯೋಜನೆಯಿಂದ ಹೊರಬೀಳುತ್ತಾನೆ. ಹೀಗೆ ಮೂರು ಯೋಜನೆಗಳಿರುವ ಜಿಲ್ಲೆಯಲ್ಲಿ, ಸ್ಥಿತಿ ಉತ್ತಮವಾಗುತ್ತಿದೆಯೆಂದು ತಿಳಿದ ಮನೆಯೇ ರಕ್ಷಣೆಯಿಲ್ಲದೆ ಉಳಿಯಬಹುದು.

ಇದರಿಂದ ತಿಳಿದುಬರುವುದಿಷ್ಟು. ವಿಮೆಯ ಪೂರ್ಣ ಪ್ರಯೋಜನವು ಹೆಚ್ಚು ಹಣ ತೆರುವುದರಲ್ಲಿಲ್ಲ; ಕುಟುಂಬದ ಪ್ರತಿಯೊಬ್ಬರ ಹೆಸರು ಈ ವರ್ಷ ಯಾವ ಪಟ್ಟಿಯಲ್ಲಿದೆ, ಅದರ ಗಡುವು ಎಂದು ಮುಗಿಯುತ್ತದೆ ಎಂಬ ತಿಳಿವಳಿಕೆಯಲ್ಲಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಮನೆಗಳಿಂದಲೇ ಬಂದವರು. ಅವರು ತಮ್ಮ ಗ್ರಾಮದ ಸಹಕಾರ ಸಂಘದ ವಹಿಗಳನ್ನು ಪರಿಶೀಲಿಸಿ, 2003ರಿಂದ ಯಾರು ಸೇರಿದರು, ಯಾರು ಯಾವಾಗ ಬಿಟ್ಟರು ಎಂಬುದನ್ನು ಸಂಗ್ರಹಿಸಿದರೆ, ಸ್ಥಳೀಯ ಚರಿತ್ರೆಗೆ ಅಮೂಲ್ಯ ಸಾಮಗ್ರಿ ದೊರೆಯುವುದಲ್ಲದೆ, ಬಿಟ್ಟುಹೋದ ಕೆಲವು ಹೆಸರುಗಳನ್ನು ಪುನಃ ಬರೆಯಿಸುವುದಕ್ಕೂ ಅವಕಾಶವಾಗುವುದು.