ಹೆರಿಗೆ ನೋವಿಗೂ ಮೊದಲೇ ನೀರು ಹೋಗುತ್ತಿದೆಯೇ? ವೈದ್ಯರು ಪತ್ತೆ ಹಚ್ಚುವುದು ಹೀಗೆ

ಗರ್ಭಿಣಿಯರಿಗೆ ಕೊನೆಯ ತಿಂಗಳುಗಳಲ್ಲಿ ಒಳಉಡುಪು ಒದ್ದೆಯಾಗುವುದು ಸಾಮಾನ್ಯ. ಮಗುವಿನ ಭಾರಕ್ಕೆ ಮೂತ್ರ ಸೋರಬಹುದು, ಬಿಳಿ ಸೆರಗು ಹೆಚ್ಚಬಹುದು. ಆದರೆ ಅದು ಮಗುವನ್ನು ಸುತ್ತುವರಿದ ಗರ್ಭದ ನೀರೂ ಆಗಿರಬಹುದು. ಹೆರಿಗೆ ನೋವು ಶುರುವಾಗುವ ಮುನ್ನವೇ ನೀರಿನ ಚೀಲ ಒಡೆಯುವುದನ್ನು ವೈದ್ಯರು 'ಪ್ರೋಮ್' ಎನ್ನುತ್ತಾರೆ. 37 ವಾರ ತುಂಬುವ ಮೊದಲೇ ಹೀಗಾದರೆ ಸೋಂಕು ಮತ್ತು ಅವಧಿಪೂರ್ವ ಹೆರಿಗೆಯ ಅಪಾಯ ಹೆಚ್ಚು.

ನೀರು ಒಮ್ಮೆಲೇ ಸುರಿಯಬೇಕೆಂದಿಲ್ಲ. ಹನಿಹನಿಯಾಗಿ ಜಿನುಗಿದರೂ ನಿರ್ಲಕ್ಷಿಸಬೇಡಿ.

ಯಾವ ಪರೀಕ್ಷೆಗಳಿವೆ?

* ಸ್ಪೆಕ್ಯುಲಂ ಪರೀಕ್ಷೆ: ಸೋಂಕುರಹಿತ ಉಪಕರಣದಿಂದ ಯೋನಿಯ ಒಳಗೆ ನೋಡುತ್ತಾರೆ. ಅಲ್ಲಿ ನೀರು ನಿಂತಿದ್ದರೆ ಅಥವಾ ಕೆಮ್ಮಿದಾಗ ಗರ್ಭಕೊರಳಿನಿಂದ ನೀರು ಬಂದರೆ ಬಹುತೇಕ ಖಚಿತ. ನೋವು ಶುರುವಾಗಿಲ್ಲದಿದ್ದರೆ ಬೆರಳಿನ ಪರೀಕ್ಷೆಯನ್ನು ಆದಷ್ಟು ತಪ್ಪಿಸುತ್ತಾರೆ. ಅದರಿಂದ ಸೋಂಕು ಒಳಹೋಗಬಹುದು.

* ನೈಟ್ರಜಿನ್ ಕಾಗದ: ಯೋನಿಯ ಸ್ರಾವ ಆಮ್ಲೀಯ, ಅದರ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5. ಗರ್ಭದ ನೀರಿನದು 7.1ರಿಂದ 7.3. ಹಾಗಾಗಿ ನೀರು ತಾಗಿದರೆ ಹಳದಿ ಕಾಗದ ನೀಲಿಯಾಗುತ್ತದೆ. ರಕ್ತ, ವೀರ್ಯ ಅಥವಾ ಯೋನಿಯ ಸೋಂಕು ಇದ್ದಾಗಲೂ ನೀಲಿಯಾಗಬಹುದು. ಆದ್ದರಿಂದ ಇದೊಂದನ್ನೇ ನಂಬುವಂತಿಲ್ಲ.

* ಸ್ಲೈಡ್ ಪರೀಕ್ಷೆ: ದ್ರವವನ್ನು ಗಾಜಿನ ಮೇಲೆ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗರ್ಭದ ನೀರಾದರೆ ಜರೀಗಿಡದ ಎಲೆಯಂಥ ಚಿತ್ತಾರ ಕಾಣುತ್ತದೆ.

* ಪ್ರೋಟೀನ್ ಪರೀಕ್ಷೆ: ಆಗಲೂ ಅನುಮಾನ ಉಳಿದರೆ, ಗರ್ಭದ ನೀರಿನಲ್ಲಿ ಹೇರಳವಾಗಿರುವ ಕೆಲ ಪ್ರೋಟೀನ್‌ಗಳನ್ನು ಗುರುತಿಸುವ ಕಿಟ್‌ ಬಳಸುತ್ತಾರೆ.

* ಸ್ಕ್ಯಾನಿಂಗ್: ನೀರು ಕಡಿಮೆಯಿದ್ದರೆ ಅನುಮಾನ ಬಲವಾಗುತ್ತದೆ. ಆದರೆ ಸ್ಕ್ಯಾನ್‌ನಲ್ಲಿ ನೀರು ಸರಿಯಾಗಿದೆ ಎಂದಮಾತ್ರಕ್ಕೆ ಚೀಲ ಒಡೆದಿಲ್ಲ ಎನ್ನಲಾಗದು.

ನೀವು ಏನು ಮಾಡಬೇಕು?

ಶುಭ್ರವಾದ ಪ್ಯಾಡ್ ಹಾಕಿಕೊಳ್ಳಿ. ನೀರು ಹೋಗಲು ಶುರುವಾದ ಸಮಯ, ಅದರ ಬಣ್ಣ ಮತ್ತು ವಾಸನೆಯನ್ನು ಗಮನಿಸಿ ವೈದ್ಯರಿಗೆ ತಿಳಿಸಿ. ಯೋನಿಯ ಒಳಗೆ ತೊಳೆಯಬೇಡಿ, ಲೈಂಗಿಕ ಸಂಪರ್ಕ ಬೇಡ. ನೋವು ಬರಲಿ ಎಂದು ಮನೆಯಲ್ಲಿ ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ನೀರು ಹಸಿರಾಗಿದ್ದರೆ, ದುರ್ವಾಸನೆ ಬಂದರೆ, ರಕ್ತ ಕಂಡರೆ, ಜ್ವರ ಬಂದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ಒಂದು ಕ್ಷಣವೂ ತಡಮಾಡಬೇಡಿ.

ಚೀಲ ಒಡೆದಿರುವುದು ಬೇಗ ಗೊತ್ತಾದರೆ ಸೋಂಕು ತಡೆಯಲು ಆಂಟಿಬಯೋಟಿಕ್, ದಿನ ತುಂಬದ ಮಗುವಿನ ಶ್ವಾಸಕೋಶ ಬಲಿಯಲು ಸ್ಟೆರಾಯ್ಡ್ ಚುಚ್ಚುಮದ್ದು ಕೊಡಲು ವೈದ್ಯರಿಗೆ ಸಮಯ ಸಿಗುತ್ತದೆ. ಪರೀಕ್ಷೆಯಲ್ಲಿ ಅದು ಬರೀ ಮೂತ್ರ ಎಂದು ತಿಳಿದರೆ ನಿಶ್ಚಿಂತೆಯಿಂದ ಮನೆಗೆ ಮರಳಬಹುದು.