ಅರೆನೆರಳು ಚಂದ್ರಗ್ರಹಣ

ಹುಣ್ಣಿಮೆಯ ಚಂದ್ರ ಭೂಮಿಯ ದಟ್ಟ ನೆರಳಿಗೆ ತಾಗದೆ, ಅದರ ಸುತ್ತಲಿನ ತೆಳು ನೆರಳಿನಲ್ಲಷ್ಟೇ ಹಾದುಹೋಗುವ ಗ್ರಹಣ. ಛಾಯಾ ಚಂದ್ರಗ್ರಹಣವೆಂದೂ ಹೆಸರಿದೆ.

ಅರೆನೆರಳನ್ನು ಮಧುಗಿರಿಯಲ್ಲಿ ಹಗಲಲ್ಲೇ ನೋಡಬಹುದು. ಏಕಶಿಲೆಯ ಬೆಟ್ಟದ ಹಿಂದೆ ಹೊತ್ತು ಇಳಿಯುವಾಗ ಹೊಲದ ಮೇಲೆ ಬೀಳುವ ನೆರಳಿಗೆ ಗೆರೆ ಎಳೆದಂಥ ಅಂಚು ಇರುವುದಿಲ್ಲ. ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ನೆರಳಂಚಿನ ಮಬ್ಬಿನಲ್ಲಿ ನಿಂತವರಿಗೆ ಬಿಲ್ಲೆಯ ಒಂದು ಪಾಲು ಬಂಡೆಯ ಮರೆಗೆ ಸರಿದು, ಉಳಿದದ್ದು ಇಣುಕುತ್ತಿರುತ್ತದೆ. ಬಂಡೆಯಿಂದ 1 ಕಿ.ಮೀ. ದೂರದಲ್ಲಿ, ಬಿಸಿಲಿಗೆ ಅಡ್ಡಲಾಗಿ ಅಳೆದರೆ ಆ ಮಬ್ಬು ಪಟ್ಟಿ ಸುಮಾರು 9 ಮೀಟರ್. ಬಂಡೆಯ ಬದಲು ಭೂಮಿ, ದೂರ 3.84 ಲಕ್ಷ ಕಿ.ಮೀ. ಎಂದಿಟ್ಟುಕೊಂಡರೆ ಪಟ್ಟಿ 3,600 ಕಿ.ಮೀ. ಹತ್ತಿರಕ್ಕೆ ಬರುತ್ತದೆ. ಚಂದ್ರನ ವ್ಯಾಸ 3,474 ಕಿ.ಮೀ. ಇಷ್ಟು ಬಿಗಿಯಾದ ಜಾಗದಲ್ಲಿ ಇಡೀ ಚಂದ್ರ ಹಿಡಿಸುವುದು ಅಪರೂಪ. 2006ರ ಮಾರ್ಚ್ 14-15ರ ಗ್ರಹಣದಲ್ಲಿ ಹಿಡಿಸಿತ್ತು.

ಚಂದ್ರನ ಹಾದಿ ಭೂಮಿಯ ಹಾದಿಗೆ ಸುಮಾರು 5 ಡಿಗ್ರಿ ಓರೆ. ಹೀಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿಂದಲೋ ಕೆಳಗಿಂದಲೋ ಜಾರಿಕೊಳ್ಳುತ್ತಾನೆ. ಚಂದ್ರಗ್ರಹಣಗಳಲ್ಲಿ ಮೂರರಲ್ಲೊಂದಕ್ಕಿಂತ ತುಸು ಹೆಚ್ಚು ಅರೆನೆರಳಿನವು. 2020ರಲ್ಲಂತೂ ನಾಲ್ಕಕ್ಕೆ ನಾಲ್ಕೂ ಅವೇ.

2023ರ ಮೇ 5, ಬುದ್ಧ ಪೂರ್ಣಿಮೆ. ರಾತ್ರಿ 8.44ಕ್ಕೆ ಹಿಡಿದ ಗ್ರಹಣ ನಡುರಾತ್ರಿ ಕಳೆದು 1 ಗಂಟೆ ದಾಟಿದ ಮೇಲೆ ಬಿಟ್ಟಿತು. ಸೂರ್ಯಗ್ರಹಣದ ಹೊತ್ತು ಊರಿಂದೂರಿಗೆ ಬದಲಾಗುತ್ತದೆ. ಚಂದ್ರಗ್ರಹಣ ಹಾಗಲ್ಲ, ಶಿರಾ, ಕೊರಟಗೆರೆ, ಪಾವಗಡವಿರಲಿ, ಚಂದ್ರ ಕಾಣುವ ಎಲ್ಲ ಊರಿಗೂ ಒಂದೇ ಗಳಿಗೆ. ಆ ರಾತ್ರಿ ಚಂದ್ರವ್ಯಾಸದ ಶೇ 96ರಷ್ಟು ಅರೆನೆರಳಿನೊಳಗಿತ್ತು. ಆದರೂ ಕಂಡದ್ದು ಇಷ್ಟೇ: 11 ಗಂಟೆಯ ಆಸುಪಾಸಿನಲ್ಲಿ ಉತ್ತರದ ಅಂಚಿಗೆ ಹೊಗೆ ತಾಗಿದಂಥ ಮಸುಕು. ಹೊರಗಿನ ಅಂಚು ಬೆಳಗಿಯೇ ಇತ್ತು. 2020ರ ಜೂನ್ 5ರ ಗ್ರಹಣದಲ್ಲಿ ಒಳಸರಿದದ್ದು ಶೇ 57 ಮಾತ್ರ, ಬರಿಗಣ್ಣಿಗೆ ಅದು ಇದ್ದೂ ಇಲ್ಲದಂತೆ.

ಕೆಂಪು ಚಂದ್ರನನ್ನು ನೋಡಹೊರಟವರಿಗೆ ನಿರಾಸೆ ಖಂಡಿತ. ಆ ಬಣ್ಣ ದಟ್ಟ ನೆರಳಿನದು. ಸಾಮಾನ್ಯವಾಗಿ ಪಂಚಾಂಗಗಳೂ ಅರೆನೆರಳು ಗ್ರಹಣವನ್ನು ಆಚರಣೆಯ ಗ್ರಹಣವೆಂದು ಎಣಿಸುವುದಿಲ್ಲ. ಸೂತಕವಿಲ್ಲ, ನೀರಿನ ಕೊಡಕ್ಕೆ ದರ್ಭೆ ಹಾಕುವ ಪ್ರಮೇಯವಿಲ್ಲ. ಕಣ್ಣಿಗೆ ಕಾಣದ್ದನ್ನು ಲೆಕ್ಕಕ್ಕೆ ಹಿಡಿಯದ ಈ ಕ್ರಮ ವ್ಯಾವಹಾರಿಕವಾದದ್ದೇ.

ಮಧುಗಿರಿ ಸುತ್ತಲಿನ ಈ ತಾಲ್ಲೂಕುಗಳಿಗೆ ಕಾಣುವಂಥ ಇನ್ನೊಂದು ಅರೆನೆರಳು ಗ್ರಹಣ 2027ರ ಫೆಬ್ರುವರಿ 21ರ ನಸುಕಿನಲ್ಲಿದೆ. 4.43ರ ಹೊತ್ತಿಗೆ ಪಶ್ಚಿಮದಲ್ಲಿ ಚಂದ್ರನ ಉತ್ತರದಂಚನ್ನು ನೋಡಬೇಕು.